ಚಾರ್ಟ್‌ನಲ್ಲಿ 6/9, ಕೈಯಲ್ಲಿನ ತಂತಿ ಮಾತ್ರ ಕಾಣದು: ಮ್ಯಾಕ್ಯುಲಾ ಸವೆದ ಕಣ್ಣಿನ ಸ್ಕ್ಯಾನ್ ಮತ್ತು ನೋಟ

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಬೀದರ್‌ನಲ್ಲಿ ನಲವತ್ತು ವರ್ಷದಿಂದ ಬಿದರಿ ಕೆಲಸ ಮಾಡುತ್ತಾರೆ. ಎಡಗಣ್ಣಿಗೆ ‘ವೆಟ್ ಎಎಂಡಿ’ (ವಯಸ್ಸಿನೊಂದಿಗೆ ಮ್ಯಾಕ್ಯುಲಾ, ಅಂದರೆ ಕಣ್ಣಿನ ಪರದೆ ರೆಟಿನಾದ ನಡುಭಾಗ, ಸವೆದು ಹೊಸ ರಕ್ತನಾಳ ಸೋರುವ ಕಾಯಿಲೆ) ಎಂದು ಹೇಳಿ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಕೊಟ್ಟಿದ್ದಾರೆ. ಓಸಿಟಿ ಸ್ಕ್ಯಾನ್‌ನಲ್ಲಿ (ರೆಟಿನಾದ ಪದರಗಳ ಅಡ್ಡಸೀಳು ಚಿತ್ರ ತೆಗೆಯುವ ಪರೀಕ್ಷೆ) ದಪ್ಪ 412 ಇದ್ದದ್ದು 258ಕ್ಕೆ ಇಳಿದಿದೆ, ‘ನೀರು ಒಣಗಿದೆ’ ಎಂದರು. ಆದರೆ ನೋಟ 6/36ರಿಂದ 6/24ಕ್ಕೆ (ಎರಡನೇ ಅಂಕಿ ಕಡಿಮೆಯಾದಷ್ಟೂ ನೋಟ ಒಳ್ಳೆಯದು) ಬಂದು ಅಲ್ಲಿಯೇ ನಿಂತಿದೆ. ಬಲಗಣ್ಣಿನಲ್ಲಿ ಬರೀ ಡ್ರೂಸೆನ್ (ರೆಟಿನಾದ ಅಡಿ ಕೂತ ಕೊಬ್ಬಿನ ಗುಡ್ಡೆಗಳು) ಇವೆ, 6/9 ಓದುತ್ತಾರೆ, ‘ಚೆನ್ನಾಗಿದೆ’ ಎಂದಿದ್ದಾರೆ. ಆದರೂ ಬೆಳ್ಳಿ ತಂತಿ ಕೂರಿಸುವಾಗ “ತಂತಿ ಕೂತದೋ ಇಲ್ಲೋ ಕೈಗೆ ಗೊತ್ತಾಗ್ತದ, ಕಣ್ಣಿಗೆ ಗೊತ್ತಾಗವಲ್ದು” ಅಂತಾರೆ. ಸಂಜೆಯಾದರೆ ಮನೆಯೊಳಗೇ ತಡವರಿಸುತ್ತಾರೆ. ಸ್ಕ್ಯಾನ್ ತಪ್ಪೋ, ಚಾರ್ಟ್ ತಪ್ಪೋ? ಇಂಜೆಕ್ಷನ್ ಇನ್ನು ನಿಲ್ಲಿಸಬಹುದೆ? ಹೈದರಾಬಾದ್‌ಗೆ ಕರೆದುಕೊಂಡು ಹೋಗಬೇಕೆ?

ಉತ್ತರ: ಸ್ಕ್ಯಾನೂ ತಪ್ಪಲ್ಲ, ಚಾರ್ಟೂ ತಪ್ಪಲ್ಲ, ನಿಮ್ಮ ತಂದೆಯವರು ಹೇಳುತ್ತಿರುವುದಂತೂ ಖಂಡಿತ ತಪ್ಪಲ್ಲ. ಸ್ಕ್ಯಾನ್‌ನ ದಪ್ಪದ ಅಂಕಿ ರೆಟಿನಾ ಎಷ್ಟು ಊದಿದೆ ಎಂದು ಹೇಳುತ್ತದೆ, ಬೆಳಕು ಹಿಡಿಯುವ ಕೋಶಗಳು ಉಳಿದಿವೆಯೇ ಎಂದು ಹೇಳುವುದಿಲ್ಲ. ಚಾರ್ಟ್ ರೆಟಿನಾದ ಒಂದು ಚುಕ್ಕೆಯಷ್ಟು ಜಾಗವನ್ನು ಮಾತ್ರ ಪರೀಕ್ಷಿಸುತ್ತದೆ. ನಿಮ್ಮ ತಂದೆಯವರು ಇಡೀ ಮ್ಯಾಕ್ಯುಲಾದ ಸ್ಥಿತಿ ಹೇಳುತ್ತಿದ್ದಾರೆ. ಇಂಜೆಕ್ಷನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಯಾಕೆ ಎಂಬುದು ಮುಂದೆ ಬರುತ್ತದೆ.

ಮೊದಲು ಬಲಗಣ್ಣಿನ 6/9. ರೆಟಿನಾದ ನಡುವಿನ ಸುಮಾರು 5.5 ಮಿ.ಮೀ. ಅಗಲದ ಜಾಗ ಮ್ಯಾಕ್ಯುಲಾ. ಅದರ ನಟ್ಟನಡುವೆ 1.5 ಮಿ.ಮೀ. ಅಗಲದ ತಗ್ಗು, ಅದು ಫೋವಿಯಾ. ಆ ತಗ್ಗಿನ ತಳದಲ್ಲಿ 0.35 ಮಿ.ಮೀ. ಜಾಗದಲ್ಲಿ ಬಣ್ಣ ಮತ್ತು ಸೂಕ್ಷ್ಮ ಗೆರೆ ಗುರುತಿಸುವ ಕೋನ್ ಕೋಶಗಳು ಒತ್ತೊತ್ತಾಗಿ ನಿಂತಿವೆ. ಮಬ್ಬಿನಲ್ಲಿ ಕೆಲಸ ಮಾಡುವ ರಾಡ್ ಕೋಶ ಅಲ್ಲಿ ಒಂದೂ ಇಲ್ಲ. ಈಗ ಚಾರ್ಟಿನ ಅಕ್ಷರ ರೆಟಿನಾದ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ನೋಡಿ. 6/9 ಸಾಲಿನ ಅಕ್ಷರದ ಬಿಂಬ ಸುಮಾರು 36 ಮೈಕ್ರಾನ್ ಎತ್ತರ, ಅಂದರೆ 0.036 ಮಿ.ಮೀ. ಎಲ್ಲಕ್ಕಿಂತ ಮೇಲಿರುವ ದೊಡ್ಡ 6/60 ಅಕ್ಷರ ಕೂಡ ಕಾಲು ಮಿ.ಮೀ. ದಾಟುವುದಿಲ್ಲ. ಹಾಗಾಗಿ ನಡುವಿನ ಒಂದು ಚುಕ್ಕೆ ಜಾಗ ಆರೋಗ್ಯವಾಗಿದ್ದರೆ ಸಾಕು, ಸುತ್ತಲಿನ ಐದು ಮಿ.ಮೀ. ಹೇಗಿದ್ದರೂ 6/9 ಬರುತ್ತದೆ. ಮೇಲಾಗಿ ಚಾರ್ಟಿನ ಅಕ್ಷರ ಬಿಳಿಯ ಮೇಲೆ ಅಚ್ಚಗಪ್ಪು, ಬೆಳಕು ಭರ್ತಿ, ಓದಲು ಬೇಕಾದಷ್ಟು ಹೊತ್ತು. ದಿನದ ಕೆಲಸದಲ್ಲಿ ಈ ಮೂರೂ ಅನುಕೂಲ ಒಟ್ಟಿಗೆ ಸಿಗುವುದು ಅಪರೂಪ.

ನಿಮ್ಮ ತಂದೆಯವರ ಕಸುಬನ್ನೇ ತೆಗೆದುಕೊಳ್ಳಿ. ಸತುವು, ತಾಮ್ರದ ಎರಕಕ್ಕೆ ಮೊದಲು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಆ ಕಪ್ಪಿನ ಮೇಲೆ ಉಳಿ ಓಡಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆಮೇಲೆ ತಂತಿ ಕೂರಿಸಿ, ಅರ ಹಾಕಿ ಉಜ್ಜಿದ ಮೇಲೆ ಕಪ್ಪೆಲ್ಲ ಹೋಗಿ ಬೂದುಬಿಳಿ ಲೋಹ, ಅದರಲ್ಲಿ ಬೂದುಬಿಳಿ ಬೆಳ್ಳಿ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣ ಹಚ್ಚಿದಾಗ ಮಾತ್ರ ಎರಕ ಕಪ್ಪಾಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ತಂತಿಯ ದಪ್ಪ ಮೊದಲಿಂದ ಕೊನೆವರೆಗೆ ಒಂದೇ, ಬದಲಾಗುವುದು ತಂತಿಗೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ. ನಿಮ್ಮ ತಂದೆಯವರನ್ನು ಕೇಳಿ ನೋಡಿ: ಮುಗಿದ ಹೂಜಿಯ ಮೇಲೆ ಬಳ್ಳಿ ಸ್ಪಷ್ಟ ಕಂಡು, ಉಜ್ಜಿದ ಹಂತದ ತುಣುಕಿನಲ್ಲಿ ಮಾತ್ರ ಕಾಣದಿದ್ದರೆ, ಅವರು ಕಳೆದುಕೊಂಡಿರುವುದು ಸೂಕ್ಷ್ಮತೆಯನ್ನಲ್ಲ, ಅಂತರ ಗುರುತಿಸುವ ಶಕ್ತಿಯನ್ನು. ಇದಕ್ಕೆ ಕಾಂಟ್ರಾಸ್ಟ್ ಸೆನ್ಸಿಟಿವಿಟಿ ಎನ್ನುತ್ತಾರೆ. ಮ್ಯಾಕ್ಯುಲಾ ಸವೆತದಲ್ಲಿ ಇದು ಚಾರ್ಟಿನ ಸಾಲಿಗಿಂತ ಬೇಗ ಕುಗ್ಗಬಹುದು. ಅಳೆಯಲು ಪೆಲ್ಲಿ–ರಾಬ್ಸನ್ ಎಂಬ ಚಾರ್ಟ್ ಇದೆ: ಅಕ್ಷರದ ಗಾತ್ರ ಒಂದೇ, ಮೂರು ಮೂರು ಅಕ್ಷರಕ್ಕೆ ಕಪ್ಪು ತಿಳಿಯಾಗುತ್ತ ಹೋಗುತ್ತದೆ, ಒಂದು ಮೀಟರ್ ದೂರದಿಂದ ಓದಿಸುತ್ತಾರೆ. ಐದು ನಿಮಿಷದ ಕೆಲಸ. ಮುಂದಿನ ಭೇಟಿಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿ.

ಸಂಜೆಯ ತಡವರಿಕೆಗೆ ಕಾರಣ ಬೇರೆ ಜಾಗದಲ್ಲಿದೆ. ಈ ಕಾಯಿಲೆಯಲ್ಲಿ ಮೊದಲು ಪೆಟ್ಟು ತಿನ್ನುವವು ಫೋವಿಯಾದ ಕೋನ್‌ಗಳಲ್ಲ, ಅದರ ಸುತ್ತ ಅರ್ಧ ಮಿ.ಮೀ.ನಿಂದ 3 ಮಿ.ಮೀ.ವರೆಗೆ ಉಂಗುರದಂತೆ ಹರಡಿರುವ ರಾಡ್‌ಗಳು. ಕಾಯಿಲೆ ಇಲ್ಲದ ಮುಪ್ಪಿನಲ್ಲೂ ಹೀಗೆಯೇ: ಕ್ರಿಸ್ಟೀನ್ ಕರ್ಸಿಯೊ ಮತ್ತು ಸಂಗಡಿಗರು 1993ರಲ್ಲಿ ದಾನದ ಕಣ್ಣುಗಳಲ್ಲಿ ಕೋಶ ಎಣಿಸಿದಾಗ, ಇಳಿವಯಸ್ಸಿನವರಲ್ಲಿ ಫೋವಿಯಾದ ಕೋನ್‌ಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಇತ್ತು, ನಡುಭಾಗದ ರಾಡ್‌ಗಳು ಸುಮಾರು ಶೇ. 30ರಷ್ಟು ಕಡಿಮೆಯಾಗಿದ್ದವು.

ರಾಡ್‌ಗಳೇ ಯಾಕೆ? ರಾಡ್ ಮತ್ತು ಕೋನ್‌ಗಳ ತುದಿಗೆ ಅಂಟಿಕೊಂಡು ಆರ್‌ಪಿಇ ಎಂಬ ಒಂದೇ ಕೋಶದ ದಪ್ಪದ ಪದರ ಇದೆ. ಅದರ ಅಡಿಗೆ ಬ್ರೂಕ್ ಪೊರೆ, ಅದರಡಿ ಕೋರಾಯ್ಡ್‌ನ ರಕ್ತನಾಳಗಳ ಜಾಲ. ಬೆಳಕು ಬಿದ್ದಾಗ ಖರ್ಚಾದ ಬಣ್ಣದ್ರವ್ಯವನ್ನು ಮತ್ತೆ ಕಟ್ಟಲು ವಿಟಮಿನ್ ಎ ಬೇಕು. ರಕ್ತದಿಂದ ಅದು ಈ ಪೊರೆ ದಾಟಿ, ಆರ್‌ಪಿಇ ಮೂಲಕವೇ ರಾಡ್‌ಗೆ ಬರಬೇಕು. ವಯಸ್ಸಾದಂತೆ ಬ್ರೂಕ್ ಪೊರೆಯಲ್ಲಿ ಕೊಬ್ಬು ಸೇರುತ್ತದೆ, ಹಿಟ್ಟಿನ ಸಾಣಿಗೆಗೆ ಎಣ್ಣೆ ಮೆತ್ತಿದ ಹಾಗೆ. ಆರ್‌ಪಿಇ ಅಡಿಯಲ್ಲಿ ಗುಡ್ಡೆ ಗುಡ್ಡೆಯಾಗಿ ಕೂತ ಕೊಬ್ಬು ಮತ್ತು ಪ್ರೋಟೀನೇ ಡ್ರೂಸೆನ್. ಸರಬರಾಜು ನಿಧಾನವಾದಾಗ ರಾಡ್ ಸೊರಗುತ್ತದೆ. ಕೋನ್‌ಗೆ ರೆಟಿನಾದೊಳಗಿನ ಆಧಾರ ಕೋಶಗಳಾದ ಮುಲ್ಲರ್ ಕೋಶಗಳ ಕಡೆಯಿಂದ ಇನ್ನೊಂದು ದಾರಿ ಇರುವುದರಿಂದ ಅದು ಹೆಚ್ಚು ದಿನ ತಾಳುತ್ತದೆ. ಇಲ್ಲಿ ತೊಂದರೆ ಇರುವುದು ಸಾಗಣೆಯಲ್ಲಿ, ದಾಸ್ತಾನಿನಲ್ಲಿ ಅಲ್ಲ. ಆದ್ದರಿಂದ ಊಟ ಸರಿಯಿರುವವರಿಗೆ ವಿಟಮಿನ್ ಎ ಮಾತ್ರೆ ತಿನ್ನಿಸಿ ಪ್ರಯೋಜನವಿಲ್ಲ.

ಇದರ ಫಲ ಮನೆಯಲ್ಲಿ ಹೀಗೆ ಕಾಣುತ್ತದೆ. ಏಪ್ರಿಲ್‌ನ ಬಿಸಿಲಿನಿಂದ ಒಳಗೆ ಬಂದವರಿಗೆ ಕತ್ತಲೆ ಕೋಣೆಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು: ಕೋನ್‌ಗಳಿಗೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ, ರಾಡ್‌ಗಳು ಪೂರ್ತಿ ಹೊಂದಿಕೊಳ್ಳಲು ಆರೋಗ್ಯವಂತರಲ್ಲೂ 30–40 ನಿಮಿಷ. ಡ್ರೂಸೆನ್ ಇರುವ ಕಣ್ಣಿಗೆ ಇನ್ನೂ ಹೆಚ್ಚು. ಅಷ್ಟರಲ್ಲಿ ಪರಸಿ ಕಲ್ಲಿನ ಬೂದು ಮೆಟ್ಟಿಲು ಬೂದು ನೆಲದಲ್ಲಿ ಕರಗಿಹೋಗುತ್ತದೆ. ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಹಳದಿ ಅಥವಾ ಬಿಳಿ ಬಣ್ಣ ಹಚ್ಚಿ, ಹೊಸ್ತಿಲಿಗೂ ಹಚ್ಚಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಇರಲಿ. ಇದನ್ನು ನಾಳೆಯೇ ಮಾಡಬಹುದು. ಎರಕದ ಕೆಲಸಕ್ಕೂ ಇದೇ ಮಾತು: ಕಾದ ಮೂಸೆಯತ್ತ ನೋಡಿದ ಮೇಲೆ ಸಾಮಾನ್ಯ ಕಣ್ಣು ಒಂದು ನಿಮಿಷದೊಳಗೆ ಸುಧಾರಿಸಿಕೊಳ್ಳುತ್ತದೆ, ಇವರದು ಅದಕ್ಕಿಂತ ತಡವಾಗಬಹುದು. ಆ ಹೊತ್ತಿನಲ್ಲಿ ಲೋಹ ಸುರಿಯುವ ಕೆಲಸ ಬೇರೆಯವರು ಮಾಡಲಿ.

ಈಗ ಎಡಗಣ್ಣು. ವರದಿಯಲ್ಲಿರುವ 412, 258 ಎಂಬ ಅಂಕಿಗಳು ಫೋವಿಯಾ ನಡುವಿನ 1 ಮಿ.ಮೀ. ವೃತ್ತದ ಸರಾಸರಿ ದಪ್ಪ, ಮೈಕ್ರಾನ್‌ಗಳಲ್ಲಿ. ಸಾಮಾನ್ಯ ಕಣ್ಣಿನಲ್ಲೂ ಇದು 250–280ರ ಸುಮಾರಿಗೆ ಇರುತ್ತದೆ. ಸ್ಪೆಕ್ಟ್ರಾಲಿಸ್ ಯಂತ್ರ ಬ್ರೂಕ್ ಪೊರೆಯವರೆಗೆ ಅಳೆಯುತ್ತದೆ, ಸಿರಸ್ ಆರ್‌ಪಿಇವರೆಗೆ. ಹೀಗಾಗಿ ಒಂದೇ ಕಣ್ಣು ಎರಡು ಯಂತ್ರದಲ್ಲಿ ಹದಿನೈದಿಪ್ಪತ್ತು ಮೈಕ್ರಾನ್ ವ್ಯತ್ಯಾಸ ತೋರಿಸಬಹುದು. ಒಮ್ಮೆ ಕಲಬುರಗಿ, ಒಮ್ಮೆ ಸೊಲ್ಲಾಪುರ, ಒಮ್ಮೆ ಹೈದರಾಬಾದ್ ಎಂದು ಸ್ಕ್ಯಾನ್ ಮಾಡಿಸಿದವರು ಅಂಕಿ ಏರಿತು, ಇಳಿಯಿತು ಎಂದು ಗಾಬರಿಯಾಗುವುದು ಸಾಮಾನ್ಯವಾಗಿ ಈ ಕಾರಣಕ್ಕೆ. ಹೋಲಿಕೆ ಒಂದೇ ಯಂತ್ರದ ಸ್ಕ್ಯಾನ್‌ಗಳ ನಡುವೆ ಮಾತ್ರ.

ಬಣ್ಣದ ನಕ್ಷೆಯನ್ನು ಬದಿಗಿಟ್ಟು ಅದೇ ಹಾಳೆಯ ಕಪ್ಪುಬಿಳುಪು ಅಡ್ಡಸೀಳು ಚಿತ್ರ ನೋಡಿ. ನಡುವೆ ತಗ್ಗಿರುವ ಬೂದು ಪಟ್ಟಿ. ಅದರ ತಳದಲ್ಲಿ ದಪ್ಪ ಬೆಳ್ಳನೆಯ ಗೆರೆ ಆರ್‌ಪಿಇ. ಅದರ ಸ್ವಲ್ಪ ಮೇಲೆ ಇನ್ನೊಂದು ತೆಳು ಬಿಳಿಗೆರೆ. ವರದಿಯಲ್ಲಿ ಇಝಡ್ ಎಂದು ಬರೆಯುತ್ತಾರೆ, ಪೂರ್ತಿ ಹೆಸರು ಎಲಿಪ್ಸಾಯ್ಡ್ ಝೋನ್. ರಾಡ್, ಕೋನ್‌ಗಳ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾ ಕಿಕ್ಕಿರಿದ ಭಾಗ ಅದು. ಅದಕ್ಕೂ ಮೇಲೆ, ಕೂದಲೆಳೆಯಂಥ ಮೂರನೇ ಗೆರೆ ಇಎಲ್ಎಂ, ಪೂರ್ತಿ ಹೆಸರು ಎಕ್ಸ್‌ಟರ್ನಲ್ ಲಿಮಿಟಿಂಗ್ ಮೆಂಬ್ರೇನ್. ಹಾಳೆಯ ಒಂದು ಅಂಚಿನಿಂದ ಇಝಡ್ ಗೆರೆಯ ಮೇಲೆ ಬೆರಳು ಸರಿಸುತ್ತ ನಡುವಿಗೆ ಬನ್ನಿ. ಗೆರೆ ಎಲ್ಲಿ ಮಸುಕಾಗಿ ಕಡಿದುಹೋಗುತ್ತದೋ ಅಲ್ಲಿ ಬೆಳಕು ಹಿಡಿಯುವ ಕೋಶಗಳು ಕೆಟ್ಟಿವೆ ಅಥವಾ ಸತ್ತಿವೆ. ಎಡಗಣ್ಣಿನ ನೋಟವನ್ನು 258 ಎಂಬ ಅಂಕಿಗಿಂತ ಈ ಗೆರೆ ಹೆಚ್ಚು ಚೆನ್ನಾಗಿ ಹೇಳುತ್ತದೆ. ಇಝಡ್ ಕಡಿದಿದ್ದರೂ ಇಎಲ್ಎಂ ಅಖಂಡವಾಗಿದ್ದರೆ ತಿಂಗಳುಗಳಲ್ಲಿ ಒಂದಿಷ್ಟು ಚೇತರಿಕೆಗೆ ಅವಕಾಶ ಇದೆ. ಎರಡೂ ಕಡಿದಿದ್ದರೆ ಆ ಚುಕ್ಕೆಯ ನೋಟ ಮರಳುವ ಸಂಭವ ಬಹಳ ಕಡಿಮೆ. ವೈದ್ಯರನ್ನು ‘ದಪ್ಪ ಎಷ್ಟಿದೆ’ ಎನ್ನುವ ಬದಲು ‘ನಡುವಿನಲ್ಲಿ ಇಝಡ್, ಇಎಲ್ಎಂ ಇವೆಯಾ’ ಎಂದು ಕೇಳಿ.

ನೀರು ಎಲ್ಲಿತ್ತು ಎಂಬುದೂ ಮುಖ್ಯ. ಇಂಜೆಕ್ಷನ್‌ಗೆ ಮುಂಚಿನ ಸ್ಕ್ಯಾನ್ ತೆಗೆದು ನೋಡಿ. ರೆಟಿನಾದ ಪದರಗಳ ಒಳಗೇ ಕಪ್ಪು ಗುಳ್ಳೆಗಳಿದ್ದರೆ ಅದು ಅಂಗಾಂಶವನ್ನೇ ಹರಿದು ತುಂಬಿದ ನೀರು, ನೋಟಕ್ಕೆ ಹೆಚ್ಚು ಕೆಟ್ಟದ್ದು. ರೆಟಿನಾ ಮತ್ತು ಆರ್‌ಪಿಇ ನಡುವೆ ಸ್ವಲ್ಪವೇ ನೀರು ನಿಂತಿದ್ದರೆ ಅಷ್ಟು ಹಾನಿಯಿಲ್ಲ. ಇಝಡ್ ಜಾಗದಲ್ಲಿ ಬೂದುಬಿಳಿ ಉಂಡೆ ಕಂಡರೆ ಅದು ರಕ್ತ, ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಅಥವಾ ಗಾಯದ ಕಲೆ ಆಗಿರಬಹುದು. ರಕ್ತ ಕರಗುತ್ತದೆ, ಕಲೆ ಕರಗುವುದಿಲ್ಲ. ಕಲೆ ಕಟ್ಟುವುದು ಅಪರೂಪವೇನಲ್ಲ: ಅಮೆರಿಕದ ಸಿಎಟಿಟಿ ಅಧ್ಯಯನದಲ್ಲಿ ಚಿಕಿತ್ಸೆ ಪಡೆದ ಕಣ್ಣುಗಳಲ್ಲೂ ಎರಡು ವರ್ಷಕ್ಕೆ ಸುಮಾರು ಶೇ. 45ರಲ್ಲಿ ಕಲೆ ಕಂಡಿತ್ತು. ಇನ್ನೊಂದು ಎಚ್ಚರ: ಸತ್ತ ಕೋಶಗಳ ಅಂಚು ಒಳಗೆ ಸುರುಳಿಯಾಗಿ, ಸುತ್ತ ಬಿಳಿ ಅಂಚಿರುವ ದುಂಡಗಿನ ಕೊಳವೆಯಂತೆ ಕಾಣುತ್ತದೆ. ಅದನ್ನು ನೀರಿನ ಗುಳ್ಳೆ ಎಂದು ತಿಳಿದು ಇಂಜೆಕ್ಷನ್ ಕೊಟ್ಟರೆ ಪ್ರಯೋಜನವಿಲ್ಲ.

6/36ರಿಂದ 6/24 ಎಂದರೆ ಗೋಡೆಯ ಚಾರ್ಟಿನಲ್ಲಿ ಒಂದೇ ಸಾಲು, ಅದಕ್ಕೇ ನಿಮಗೆ ನಿರಾಸೆ. ಆದರೆ ಅಧ್ಯಯನಗಳಲ್ಲಿ ಬಳಸುವ ಅಕ್ಷರ ಎಣಿಕೆಗೆ ಪರಿವರ್ತಿಸಿದರೆ ಸುಮಾರು 9 ಅಕ್ಷರದ ಗಳಿಕೆ. 2006ರಲ್ಲಿ ಪ್ರಕಟವಾದ ಮರೀನಾ ಅಧ್ಯಯನದಲ್ಲಿ ಈ ಕಾಯಿಲೆಯ ಇಂಜೆಕ್ಷನ್ ಔಷಧ ರಾನಿಬಿಝುಮ್ಯಾಬ್ ಪಡೆದವರು ಒಂದು ವರ್ಷದಲ್ಲಿ ಗಳಿಸಿದ್ದು ಸರಾಸರಿ 7 ಅಕ್ಷರ; ಚುಚ್ಚಿದಂತೆ ನಟಿಸಿ ಔಷಧ ಕೊಡದ ಗುಂಪು ಸರಾಸರಿ 10 ಅಕ್ಷರ ಕಳೆದುಕೊಂಡಿತು. ನಿಮ್ಮ ತಂದೆಯವರ ಕಣ್ಣು ಚಿಕಿತ್ಸೆಗೆ ಸ್ಪಂದಿಸಿದೆ.

ಅದಕ್ಕಾಗಿಯೇ ನಿಲ್ಲಿಸಬೇಡಿ ಎಂದೆ. ಈ ಔಷಧಗಳು ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಸಂಕೇತವನ್ನು ತಡೆದು ಹೊಸ ರಕ್ತನಾಳ ಸೋರುವುದನ್ನು ಹಿಡಿದಿಡುತ್ತವೆ. ರಕ್ತನಾಳ ಅಲ್ಲಿಯೇ ಇರುತ್ತದೆ, ಔಷಧದ ಶಕ್ತಿ ಮಾತ್ರ ವಾರಗಳಲ್ಲಿ ಇಳಿಯುತ್ತದೆ. ‘ಒಣಗಿದೆ’ ಎಂಬ ಮಾತು ಕೇಳಿ ಮನೆಗೆ ಹೋದವರು ಎರಡು ಮೂರು ತಿಂಗಳ ನಂತರ ಮತ್ತೆ ಸೋರಿಕೆಯೊಂದಿಗೆ ಬಂದಾಗ ಮೊದಲ ಮೂರು ಇಂಜೆಕ್ಷನ್‌ಗಳ ಗಳಿಕೆ ಕೈಬಿಟ್ಟಿರುತ್ತದೆ, ಪ್ರತಿ ಸಲ ಒಂದಿಷ್ಟು ಇಝಡ್ ಕೂಡ. ರೂಢಿಯಲ್ಲಿರುವ ಕ್ರಮ ಅಂತರ ಹೆಚ್ಚಿಸುತ್ತ ಹೋಗುವುದು: ಒಣಗಿದ್ದರೆ 4 ವಾರದಿಂದ 6, ಆಮೇಲೆ 8, ಹೀಗೆ ಎರಡೆರಡು ವಾರ, ನೀರು ಮರಳಿದರೆ ಒಂದು ಹೆಜ್ಜೆ ಹಿಂದಕ್ಕೆ. ನಿಮ್ಮ ತಂದೆಯವರಿಗೆ ಎಷ್ಟು ಅಂತರ ಎಂದು ಅವರ ವೈದ್ಯರೇ ಸ್ಕ್ಯಾನ್ ನೋಡಿ ಹೇಳಬೇಕು. ಖರ್ಚಿನ ಚಿಂತೆ ಇದ್ದರೆ ಅದನ್ನೂ ಮುಚ್ಚಿಡಬೇಡಿ: ಸಿಎಟಿಟಿಯ ಮೊದಲ ವರ್ಷದ ಫಲಿತಾಂಶ 2011ರಲ್ಲಿ ಬಂದಾಗ ಅಗ್ಗದ ಬೆವಾಸಿಝುಮ್ಯಾಬ್, ದುಬಾರಿ ರಾನಿಬಿಝುಮ್ಯಾಬ್‌ಗೆ ನೋಟದ ಮಟ್ಟಿಗೆ ಸಮವಾಗಿ ನಿಂತಿತ್ತು.

ಹೈದರಾಬಾದ್ ಬೀದರ್‌ನಿಂದ ಸುಮಾರು 140 ಕಿ.ಮೀ. ಇನ್ನೊಬ್ಬರ ಅಭಿಪ್ರಾಯಕ್ಕೋ, ಮೈಕ್ರೊಪೆರಿಮೆಟ್ರಿ ಎಂಬ ಪರೀಕ್ಷೆಗೋ ಒಮ್ಮೆ ಹೋಗಿಬರುವುದು ಒಳ್ಳೆಯದೇ. ಆ ಯಂತ್ರ ಕಣ್ಣಿನ ಚಲನೆ ಹಿಂಬಾಲಿಸುತ್ತ ಮ್ಯಾಕ್ಯುಲಾದ ಒಂದೊಂದು ಬಿಂದುವಿಗೆ ಸಣ್ಣ ಬೆಳಕು ಹಾಕಿ, ಯಾವ ಬಿಂದು ಎಷ್ಟು ಕಾಣುತ್ತದೆ ಎಂದು ನಕ್ಷೆ ಮಾಡುತ್ತದೆ. ಅದನ್ನು ಓಸಿಟಿ ಮೇಲೆ ಇಟ್ಟರೆ ಕಡಿದ ಇಝಡ್ ಮತ್ತು ಕುರುಡು ಬಿಂದು ಬಹುತೇಕ ಒಂದರ ಮೇಲೊಂದು ಕೂರುತ್ತವೆ. ಆದರೆ ತಿಂಗಳ ಇಂಜೆಕ್ಷನ್‌ಗೆ ತಪ್ಪದೆ ತಲುಪಬಹುದಾದ ಊರೇ ಸರಿಯಾದ ಊರು.

ಬಲಗಣ್ಣಿನ ಬಗ್ಗೆ ನನಗೆ ಹೆಚ್ಚು ಕಾಳಜಿ ಇದೆ, ಕೆಲಸ ನಡೆಯುತ್ತಿರುವುದು ಆ ಕಣ್ಣಿನಿಂದ. ಡ್ರೂಸೆನ್ ಗಾತ್ರ ಕೇಳಿಕೊಳ್ಳಿ. 125 ಮೈಕ್ರಾನ್‌ಗಿಂತ, ಅಂದರೆ ಕಣ್ಣಿನ ನರದ ಅಂಚಿನಲ್ಲಿ ಕಾಣುವ ಸಿರೆಯ ಅಗಲಕ್ಕಿಂತ, ದೊಡ್ಡದಿದ್ದರೆ ಅಪಾಯದ ಲೆಕ್ಕದಲ್ಲಿ ಒಂದು ಅಂಕ. ಬಣ್ಣದ ಪದರ (ಆರ್‌ಪಿಇ) ಕದಡಿದ್ದರೆ ಇನ್ನೊಂದು. ಎಡಗಣ್ಣು ಈಗಾಗಲೇ ಕೊನೆಯ ಹಂತದ ಕಾಯಿಲೆಗೆ ಬಂದಿರುವುದರಿಂದ ಅದಕ್ಕೆ ಎರಡು. ಎಆರ್‌ಇಡಿಎಸ್ ಎಂಬ ಅಮೆರಿಕದ ಕಣ್ಣಿನ ಅಧ್ಯಯನದ ತಂಡ 2005ರಲ್ಲಿ ಕೊಟ್ಟ ಈ ಸರಳ ಲೆಕ್ಕದಲ್ಲಿ ಮುಂದಿನ ಐದು ವರ್ಷದಲ್ಲಿ ಕಾಯಿಲೆ ಮುಂದುವರಿಯುವ ಸಾಧ್ಯತೆ 2 ಅಂಕಕ್ಕೆ ಸುಮಾರು ಶೇ. 12, ಮೂರಕ್ಕೆ 25, ನಾಲ್ಕಕ್ಕೆ 50. ಆರ್‌ಪಿಇಯ ಮೇಲ್ಬದಿಗೆ ಕೂರುವ ಸೂಡೊಡ್ರೂಸೆನ್ ಇವೆಯೇ ಎಂದೂ ಕೇಳಿ. ಸಾಮಾನ್ಯ ಬಣ್ಣದ ಫೋಟೊದಲ್ಲಿ ಅವು ತಪ್ಪಿಸಿಕೊಳ್ಳುತ್ತವೆ, ಓಸಿಟಿಯಲ್ಲಿ ಸಿಗುತ್ತವೆ. ಸಂಜೆಯ ತೊಂದರೆ ಇಷ್ಟಿದೆ ಎಂದಾಗ ನಾನು ಮೊದಲು ಹುಡುಕುವುದು ಅವನ್ನೇ. ಮಬ್ಬು ಬೆಳಕಿನ ನೋಟಕ್ಕೂ ಒಂದು ಸುಲಭ ಪರೀಕ್ಷೆ ಇದೆ: ನೂರರಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಡುವ ಕಪ್ಪು ಗಾಜನ್ನು ಕಣ್ಣಿನ ಮುಂದಿಟ್ಟು ಅದೇ ಚಾರ್ಟ್ ಓದಿಸುವುದು. ಎರಡು ಓದಿನ ನಡುವಿನ ಅಂತರ ದೊಡ್ಡದಿದ್ದಷ್ಟೂ ಮುಂದೆ ನೋಟ ಕುಸಿಯುವ ಭಯ ಹೆಚ್ಚು. ಕಣ್ಣಿನ ಪೊರೆ ಬಂದಿದ್ದರೂ ಅಂತರ ಗುರುತಿಸುವುದು ಕಷ್ಟವಾಗುತ್ತದೆ, ಅದನ್ನೂ ನೋಡಿಸಿ.

ಮಾತ್ರೆಗಳ ಪೈಕಿ ಆಧಾರವಿರುವುದು 2013ರ ಎಆರ್‌ಇಡಿಎಸ್2 ಮಿಶ್ರಣಕ್ಕೆ: ದಿನಕ್ಕೆ ವಿಟಮಿನ್ ಸಿ 500 ಮಿ.ಗ್ರಾಂ., ವಿಟಮಿನ್ ಇ 400 ಐಯು, ಲ್ಯೂಟಿನ್ 10 ಮಿ.ಗ್ರಾಂ., ಝಿಯಾಝ್ಯಾಂಥಿನ್ 2 ಮಿ.ಗ್ರಾಂ., ಝಿಂಕ್ 80 ಮಿ.ಗ್ರಾಂ., ತಾಮ್ರ 2 ಮಿ.ಗ್ರಾಂ. ಇದು ಮುಂದುವರಿಯುವ ಅಪಾಯವನ್ನು ಸುಮಾರು ಕಾಲು ಭಾಗ ತಗ್ಗಿಸುತ್ತದೆ, ಹೋದ ನೋಟ ತರುವುದಿಲ್ಲ. ಡಬ್ಬಿಯ ಹಿಂದೆ ಬರೆದ ಪ್ರಮಾಣ ಓದಿಯೇ ಕೊಳ್ಳಿ. ಹೆಸರು ‘ಕಣ್ಣಿನ ಮಾತ್ರೆ’ ಎಂದಿದ್ದು ಲ್ಯೂಟಿನ್ ಚಿಟಿಕೆಯಷ್ಟಿರುವವೂ ಇವೆ. ಬೀಡಿ, ಸಿಗರೇಟು ಸೇದುವವರು, ಸೇದಿ ಬಿಟ್ಟವರು ಬೀಟಾ ಕ್ಯಾರೊಟಿನ್ ಇರುವ ಹಳೆಯ ಮಿಶ್ರಣ ಮುಟ್ಟಬಾರದು, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಬೀಡಿ ಇದ್ದರೆ ಬಿಡಿಸುವುದು ಮಾತ್ರೆಗಿಂತ ದೊಡ್ಡ ಕೆಲಸ. ಮೆಂತ್ಯ, ಪಾಲಕ್ ಪಲ್ಯ ರೊಟ್ಟಿಯ ಜೊತೆ ದಿನವೂ ಇರಲಿ.

ಇನ್ನು ಕೆಲಸದ ಮಣೆ. ಮೇಜಿನ ದೀಪ ಕೆಲಸದ ತುಣುಕಿನಿಂದ 30 ಸೆಂ.ಮೀ. ದೂರದಲ್ಲಿ, ಉಳಿ ಹಿಡಿಯದ ಕೈಯ ಬದಿಗೆ, ಬಲ್ಬು ಕಣ್ಣಿಗೆ ಬೀಳದಂತೆ ಮುಚ್ಚಳದೊಂದಿಗೆ. ಸಣ್ಣ ದೀಪವನ್ನು 60ರಿಂದ 30 ಸೆಂ.ಮೀ.ಗೆ ತಂದರೆ ಬೆಳಕು ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಉಜ್ಜಿದ ಹಂತದಲ್ಲಿ ಬೆಳಕನ್ನು ಮೇಲಿಂದ ಬಿಡದೆ ಮಣೆಯ ಮಟ್ಟಕ್ಕೆ ಓರೆಯಾಗಿ ಹಾಯಿಸಿ. ಕೂರದ ತಂತಿಯ ಅಂಚು ಪುಟ್ಟ ನೆರಳು ಬಿಡುತ್ತದೆ, ಲೋಹ ಕೊಡದ ಅಂತರವನ್ನು ನೆರಳು ಕೊಡುತ್ತದೆ. ಪ್ಲಸ್ 4 ಕನ್ನಡಕಕ್ಕೆ 25 ಸೆಂ.ಮೀ., ಪ್ಲಸ್ 8ಕ್ಕೆ 12.5 ಸೆಂ.ಮೀ. ದೂರ ಬೇಕು. ಹನ್ನೆರಡು ಸೆಂ.ಮೀ.ನಲ್ಲಿ ಉಳಿ ಮುಖಕ್ಕೆ ತೀರ ಹತ್ತಿರ, ಹಾಗಾಗಿ ಪ್ಲಸ್ 8 ಪರೀಕ್ಷಿಸಿ ನೋಡಲಷ್ಟೇ ಇರಲಿ, ಕೊರೆಯಲು ಬೇಡ. ಉಳಿದಿರುವುದು ಒಂದು ಒಳ್ಳೆಯ ಕಣ್ಣು, ಕೆಲಸದ ಹೊತ್ತು ಒಡೆಯದ ರಕ್ಷಣಾ ಕನ್ನಡಕ ಇಲ್ಲದೆ ಕೂರಬಾರದು.

ಓದುವಾಗಿನ ತೊಂದರೆಯೂ ಕಲೆ ಎಲ್ಲಿದೆ ಎಂದು ಹೇಳುತ್ತದೆ. ನೋಟದ ಬಲಬದಿಗೆ ಮಸುಕಿದ್ದರೆ ಕನ್ನಡ ಓದು ಮುಂದೆ ಸಾಗದು, ಮುಂದಿನ ಅಕ್ಷರವೇ ಮಾಯ. ಎಡಬದಿಗಿದ್ದರೆ ಉರ್ದು ಓದುವವರಿಗೆ ಅದೇ ಕಷ್ಟ. ಮಸುಕು ಕೆಳಗಿದ್ದರೆ ಒತ್ತಕ್ಷರ ತಪ್ಪುತ್ತವೆ.

ಮನೆಯಲ್ಲಿ ವಾರಕ್ಕೆರಡು ಸಲ ಆಮ್ಸ್ಲರ್ ಚೌಕ ನೋಡಿಸಿ: 10 ಸೆಂ.ಮೀ. ಚೌಕ, ಒಳಗೆ 5 ಮಿ.ಮೀ. ಮನೆಗಳು, ನಡುವೆ ಚುಕ್ಕೆ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಅಂಗೈಯಿಂದ ಮುಚ್ಚಿ, 30 ಸೆಂ.ಮೀ. ದೂರದಿಂದ ಚುಕ್ಕೆಯನ್ನೇ ನೋಡಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಬಿಡುತ್ತದೆ. ಒಂದು ಮನೆ ಎಂದರೆ ಸುಮಾರು 1 ಡಿಗ್ರಿ, ರೆಟಿನಾದ ಮೇಲೆ 0.3 ಮಿ.ಮೀ. ಬಿಂಬ ತಲೆಕೆಳಗಾಗಿ ಬೀಳುವುದರಿಂದ, ಚುಕ್ಕೆಯ ಕೆಳಗೆ ಮೂರನೇ ಮನೆಯಲ್ಲಿ ಗೆರೆ ಡೊಂಕಾದರೆ ಸ್ಕ್ಯಾನ್‌ನಲ್ಲಿ ಹುಡುಕಬೇಕಾದದ್ದು ಫೋವಿಯಾದಿಂದ 0.9 ಮಿ.ಮೀ. ಮೇಲೆ. ಅಡಿಯಲ್ಲಿ ನೀರು ಸೇರಿ ಕೋಶಗಳ ಸಾಲು ಜರುಗಿದಾಗ ನೇರ ಗೆರೆ ಡೊಂಕಾಗುತ್ತದೆ. ಡೊಂಕು ಕಂಡ ಜಾಗವನ್ನು ಪೆನ್ಸಿಲ್‌ನಿಂದ ಗುರುತಿಸಿ, ಯಾವ ಕಣ್ಣು, ಯಾವ ತಾರೀಕು ಎಂದು ಬರೆದು ಸ್ಕ್ಯಾನ್ ಫೈಲಿನಲ್ಲೇ ಇಡಿ. ಚೌಕದಲ್ಲಿ ಏನೂ ಕಾಣಲಿಲ್ಲ ಎಂದರೆ ಎಲ್ಲ ಸರಿ ಎಂದಲ್ಲ, ಸಣ್ಣ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಸಿಕೊಳ್ಳುತ್ತದೆ. ಆದ್ದರಿಂದ ನಿಗದಿತ ತಪಾಸಣೆ ತಪ್ಪಿಸಬೇಡಿ. ಬಲಗಣ್ಣಿನಲ್ಲಿ ಹೊಸ ಡೊಂಕು ಅಥವಾ ನಡುವೆ ಕಪ್ಪು ಕಲೆ ಕಂಡರೆ ಮುಂದಿನ ತಾರೀಕಿಗೆ ಕಾಯದೆ ಎರಡು ಮೂರು ದಿನದೊಳಗೆ ತೋರಿಸಿ. ಎಡಗಣ್ಣಿಗೆ ಇಂಜೆಕ್ಷನ್ ಆದ ಒಂದು ವಾರದೊಳಗೆ ಕಣ್ಣು ಕೆಂಪಾಗಿ ನೋವು ಹೆಚ್ಚಿ ನೋಟ ಮಂಜಾದರೆ ಅದು ಒಳಸೋಂಕು ಇರಬಹುದು, ಅದೇ ದಿನ, ರಾತ್ರಿಯಾದರೂ ಸರಿ, ಹೊರಡಿ.